ಬೀಗರ ಹೆಸರು ಕೂಗುವ ಕಂಪ್ಯೂಟರ್

ಕಜಕ್ ನಾಡಿನ ಸರಿಬಿದಾಯ್ ಊರಿನ ಗೋಧಿ ಕಣಜದಲ್ಲಿ ಪಾಳಿಯ ಮೇಲ್ವಿಚಾರಕಿಯಾಗಿದ್ದ ಕುಲ್ಪಾಶ್‌ಳನ್ನು ಊರಿನವರೆಲ್ಲ 'ಅಪಾಯ್' ಎಂದು ಕರೆಯುತ್ತಿದ್ದರು. ಹಿರಿಯ ಹೆಂಗಸಿಗೆ ಇಲ್ಲಿ ಗೌರವದಿಂದ ಹೇಳುವ ಮಾತು ಅದು; ದೊಡ್ಡಮ್ಮ, ಅಕ್ಕಯ್ಯ ಎಂದ ಹಾಗೆ. ಕನ್ನಡದ ಕಿವಿಗೆ ಬೇರೆ ಥರ ಕೇಳಿಸಿದರೂ ತಪ್ಪೇನಿಲ್ಲ. ಅದೇ ಕಣಜದ ಪ್ರಯೋಗಾಲಯದಲ್ಲಿ ಗೋಧಿಯ ತೇವ ನೋಡುತ್ತಾ ಅರ್ಧ ಆಯುಸ್ಸು ಕಳೆದ ನನಗೆ ಎರಡೂ ಅರ್ಥ ಚೆನ್ನಾಗಿ ಗೊತ್ತು.

ಅಪಾಯ್‌ಗೆ ಹುಟ್ಟಿನಿಂದ ಬಂದ ಆಸ್ತಿಯೆಂದರೆ ಗಂಟಲು. ಅವಳನ್ನು ಸಾಕಿದ ಅಜ್ಜಿಗೆ ಕಿವಿ ಮಂದ, ಅಜ್ಜನ ಕುದುರೆಗಳು ಸದಾ ಕೆರೆಯ ಆಚೆ ದಡದಲ್ಲಿ. ಮನೆಯೊಳಗೂ ಕೂಗಬೇಕು, ಹೊರಗೂ ಕೂಗಬೇಕು. ಹಾಗಾಗಿ ಮೆಲ್ಲಗೆ ಮಾತಾಡುವುದು ಎಂಬ ವಿದ್ಯೆ ಅವಳಿಗೆ ಯಾರೂ ಕಲಿಸಲಿಲ್ಲ. ಮದುವೆಯಾದದ್ದು ಗೂಡ್ಸ್ ರೈಲಿನ ಗಾರ್ಡ್ ಒಬ್ಬನನ್ನು. ಅವನು ರಜೆ ಇದ್ದಾಗಲೂ ಯಾರದೋ ಬದಲಿಗೆ ಕೆಲಸಕ್ಕೆ ಹೋಗಿಬಿಡುತ್ತಿದ್ದ. ಯಾಕಪ್ಪಾ ಎಂದು ಕೇಳಿದರೆ, "ರೈಲಲ್ಲಿ ಸ್ವಲ್ಪ ನಿಶ್ಶಬ್ದ ಇರತ್ತೆ" ಎನ್ನುತ್ತಿದ್ದ.

ಕಣಜಕ್ಕೆ ಮಾತ್ರ ಆ ಗಂಟಲು ವರವಾಗಿತ್ತು. ಬೆಲ್ಟುಗಳು ಓಡುವಾಗ ಪಕ್ಕದವನ ಕೆಮ್ಮೂ ಕೇಳಿಸದ ಜಾಗ ಅದು. ಗೋಧಿ ನೋಡುವುದಕ್ಕೆ ಸಾಧು. ಆದರೆ ಅದರ ದೂಳು ಗಾಳಿಯಲ್ಲಿ ತುಂಬಿಕೊಂಡಿರುವಾಗ ಒಂದು ಕಿಡಿ ಬಿದ್ದರೆ ಇಡೀ ಗೋಪುರವೇ ಮದ್ದಿನ ಮನೆ. ಅಪಾಯ್ ಕಸ ಗುಡಿಸುವ ಹುಡುಗಿಯಾಗಿ ಕೆಲಸಕ್ಕೆ ಸೇರಿದಾಗ ಇದ್ದ ಹಳೆಯ ಮೇಲ್ವಿಚಾರಕನಿಗೆ ಹುಬ್ಬುಗಳಿರಲಿಲ್ಲ. ಎಲ್ಲಿ ಹೋದವು ಎಂದು ಅವಳು ಕೇಳಿದಳಂತೆ. "ಒಂದು ದಿನ ಒಬ್ಬ ಬೆಂಕಿಕಡ್ಡಿ ಗೀರಿದ" ಎಂದನಂತೆ. ಅವತ್ತಿನಿಂದ ಅವಳಿಗೆ ಕಿಡಿ ಎಂಬುದು ಸ್ವಂತ ದಾಯಾದಿ ಇದ್ದ ಹಾಗೆ.

ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೂ ಮುಟ್ಟಿ ನೋಡಿ ಒಳಗೆ ಬಿಡುತ್ತಿದ್ದಳು. ಮೊಬೈಲು ಹೊರಗೆ, ಬೆಂಕಿಪೊಟ್ಟಣ ಹೊರಗೆ, ಮೊಳೆ ಹೊಡೆದ ಬೂಟು ಹೊರಗೆ. ನೈಲಾನ್ ಕಂಡರಂತೂ ಕೆಂಡವಾಗುತ್ತಿದ್ದಳು. ನೈಲಾನ್ ಬಟ್ಟೆ ಉಜ್ಜಿದರೆ ಚಟಪಟ ಎನ್ನುತ್ತದಲ್ಲ, ಅದಕ್ಕೆ. ಒಮ್ಮೆ ತಪಾಸಣೆಗೆಂದು ಜಿಲ್ಲೆಯಿಂದ ಕೋಟು ಟೈ ಹಾಕಿಕೊಂಡು ಬಂದ ಅಧಿಕಾರಿಯನ್ನು ಗೇಟಿನಲ್ಲೇ ತಡೆದು, ಎಲ್ಲರ ಎದುರಿಗೆ, "ಒಳಗೆ ಹಾಕಿರೋದು ಯಾವ ಬಟ್ಟೇದು?" ಎಂದು ಕೇಳಿದಳು. ರೈಲು ನಿಲ್ದಾಣದಲ್ಲಿದ್ದವರಿಗೂ ಆ ಪ್ರಶ್ನೆ ಕೇಳಿಸಿತು. ಅಧಿಕಾರಿ ಕಾವಲುಗಾರನ ಹತ್ತಿಯ ಚಡ್ಡಿ ಸಾಲ ಪಡೆದು ತಪಾಸಣೆ ಮುಗಿಸಿಕೊಂಡು ಹೋದ. ವರದಿಯಲ್ಲಿ 'ಸುರಕ್ಷತೆ ಅತ್ಯುತ್ತಮ' ಎಂದು ಬರೆದ.

ಅಪಾಯ್ ದಿನಕ್ಕೆ ಅತಿ ಹೆಚ್ಚು ಸಲ ಕೂಗುತ್ತಿದ್ದ ಹೆಸರು ತೊಕ್ತಾಸಿನ್. ಅವನು ಎರಡನೇ ಬೆಲ್ಟಿನ ಕೆಲಸಗಾರ. ಆಳು ಬಾಗಿಲಷ್ಟು ಅಗಲ, ಸ್ವಭಾವ ಮೊಸರಿನಷ್ಟು ತಂಪು, ತಲೆ ಪೂರ್ತಿ ನುಣ್ಣಗೆ. ಇಲ್ಲಿಯ ಭಾಷೆಯಲ್ಲಿ ಆ ಹೆಸರಿಗೆ 'ನಿಲ್ಲಲಿ' ಎಂದು ಅರ್ಥ. ಅವನಿಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿಯದೆ ಹೋದಾಗ, ಇವನಾದರೂ ನಿಲ್ಲಲಿ ಎಂದು ತಾಯಿ ಇಟ್ಟ ಹೆಸರು. ನಿಂತ. ಎಷ್ಟರ ಮಟ್ಟಿಗೆ ಎಂದರೆ ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಂತುಕೊಂಡು ಏನನ್ನೋ ಯೋಚಿಸುತ್ತಾ ಇರುತ್ತಿದ್ದ. ಸಿಗರೇಟು ಬಿಟ್ಟಿದ್ದ, ಆದರೆ ಲೈಟರು ಬಿಡಲು ಆಗಿರಲಿಲ್ಲ. ಜೇಬಿನಲ್ಲಿ ಕೈ ಇಟ್ಟು ಅದರ ಮುಚ್ಚಳವನ್ನು ಟಿಕ್ ಟಿಕ್ ಎನ್ನಿಸುವುದು ಅವನಿಗೆ ಒಂದು ಸಮಾಧಾನ. ಗೇಟಿನಲ್ಲಿ ಕಿತ್ತುಕೊಂಡರೆ ಮಾರನೆಯ ದಿನ ಹೊಸದು.

"ಒಳಗೆ ಗ್ಯಾಸೇ ಇಲ್ಲ ಅಪಾಯ್, ಬರೀ ಮುಚ್ಚಳ!"

"ಕಲ್ಲು ಇದೆಯಲ್ಲೋ, ಕಲ್ಲು! ನಿನ್ನ ತಲೆ ಥರ ಅದೂ ಖಾಲಿ ಅಂದ್ಕೊಂಡ್ಯಾ?"

ಇಬ್ಬರೂ ಇದನ್ನು ವರ್ಷಗಟ್ಟಲೆ ಆಡಿದರು. ಅವನಿಗೆ ಬೇಸರವಾದದ್ದನ್ನು ನಾನು ನೋಡಿಲ್ಲ. ಅವಳು ಜ್ವರ ಬಂದು ರಜೆ ಹಾಕಿದ ದಿನ ಮಾತ್ರ ಅವನು ಪ್ರಯೋಗಾಲಯಕ್ಕೆ ಬಂದು, "ಇವತ್ತು ಕಣಜ ಕೆಟ್ಟುಹೋದ ಹಾಗಿದೆ ಕಣಯ್ಯಾ" ಎಂದು ಕೂತಿದ್ದ.

ಹೀಗಿರುವಾಗ ಒಂದು ವಸಂತದಲ್ಲಿ ಕಣಜಕ್ಕೆ ಕಂಪ್ಯೂಟರ್ ಬಂತು. ಮೇಜಿನ ಮೇಲೆ ಇಡುವಂಥದ್ದಲ್ಲ. ಬೆಂಕಿ, ದೂಳು, ಸಿಡಿತ ಇರುವ ಕಾರ್ಖಾನೆಗಳಿಗೆಂದೇ ಮಾಡಿದ ಕಬ್ಬಿಣದ ಪೆಟ್ಟಿಗೆ. ಕೊಬ್ಬಿದ ಟಗರಿನಷ್ಟು ಭಾರ, ಮುಂದೆ ಬೆರಳು ದಪ್ಪದ ಗಾಜು. ಕೈಗವಸು ಹಾಕಿಕೊಂಡೇ ಒತ್ತಬಹುದು. ಅದರ ಜೊತೆಗೆ ನಗರದಿಂದ ಬಂದ ಇಂಜಿನಿಯರ್ ಗೆನ್ನಾದಿ ಅರ್ಕಾದ್ಯೆವಿಚ್. ಐವತ್ತು ದಾಟಿದ ತೆಳು ಮನುಷ್ಯ, ಜೇಬಿನ ತುಂಬ ಹೊಟ್ಟೆಯುಬ್ಬರದ ಮಾತ್ರೆ. ಮನೆಮಾತು ರಷ್ಯನ್. ಆದರೆ ಸಂಜೆ ತರಗತಿಗೆ ಹೋಗಿ ಕಜಕ್ ಭಾಷೆ ಕಲಿತಿದ್ದ, ಅದರ ಮೇಲೆ ವಿಪರೀತ ಪ್ರೀತಿ. ಊರಿನವರು ಅವನ ಕಷ್ಟ ನೋಡಲಾರದೆ ರಷ್ಯನ್‌ನಲ್ಲಿ ಮಾತಾಡಿಸಿದರೂ ಅವನು ಶಾಸನ ಓದುವ ಹಾಗೆ ಕಜಕ್‌ನಲ್ಲೇ ಉತ್ತರ ಕೊಡುತ್ತಿದ್ದ.

"ಮಾನ್ಯ ಶ್ರಮಿಕರೇ," ಎಂದು ಅಂಗಳದಲ್ಲಿ ಪೆಟ್ಟಿಗೆಯ ಪಕ್ಕ ನಿಂತು ಶುರು ಮಾಡಿದ, "ಈ ಯಂತ್ರವು ಜಲ, ದೂಳು, ಕಂಪನ ಮತ್ತು ಆಘಾತಗಳನ್ನು ಸಹಿಸಬಲ್ಲುದು. ಇದರ ಒಡಲಿನಲ್ಲಿ ಬೀಸಣಿಗೆ ಇರುವುದಿಲ್ಲ. ಇದರಿಂದ ಕಿಡಿಯು ಎಂದೆಂದಿಗೂ ಹೊರಬರಲಾರದು."

ಅಪಾಯ್ ಪೆಟ್ಟಿಗೆಯನ್ನು ಕುದುರೆ ಕೊಳ್ಳುವವರ ಹಾಗೆ ಸುತ್ತು ಹಾಕಿದಳು. ತಟ್ಟಿದಳು. ಮೂಸಿದಳು. "ಬೀಸಣಿಗೆ ಇಲ್ಲ ಅಂದ್ರೆ ಒಳಗಿನ ಬಿಸಿ ಎಲ್ಲೋಗತ್ತೆ?"

"ಬೆನ್ನಿನ ಮೇಲಿರುವ ಈ ಲೋಹದ ಪದರಗಳ ಮೂಲಕ ಮೆಲ್ಲಮೆಲ್ಲನೆ ನಿರ್ಗಮಿಸುವುದು."

"ಆಘಾತ ಅಂದ್ರಲ್ಲ, ಅಂದ್ರೆ ಹೊಡೀಬಹುದಾ?"

"ಅಗತ್ಯವಾಗಿ."

ಕಣಜದಲ್ಲಿ ಕಬ್ಬಿಣದ ಸುತ್ತಿಗೆ ಮುಟ್ಟುವಂತಿಲ್ಲ, ಕಿಡಿ ಹಾರುತ್ತದೆ. ಹಿತ್ತಾಳೆಯದನ್ನು ತರಿಸಿ, "ತೊಕ್ತಾಸಿನ್! ಬಾರೋ ಇಲ್ಲಿ, ಹೊಡಿ!" ಎಂದಳು. ತೊಕ್ತಾಸಿನ್ ಅಂಗೈಗೆ ಉಗುಳಿಕೊಂಡು, ಹಿಂದಕ್ಕೆ ಬಾಗಿ, ಬೀಸಿದ. ಪೆಟ್ಟಿಗೆ ಢಣ್ ಎಂದಿತು. ಸುತ್ತಿಗೆಯ ತಲೆ ಹಿಡಿಯಿಂದ ಕಳಚಿಕೊಂಡು, ನಮ್ಮೆಲ್ಲರ ಮೇಲಿಂದ ಹಾರಿ, ನಿರ್ದೇಶಕರ ಕೋಣೆಯ ಕಿಟಕಿ ಒಡೆದು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ನಿರ್ದೇಶಕರು ಹೊರಗೆ ಬಂದರು. ಒಂದು ಕೈಯಲ್ಲಿ ಸುತ್ತಿಗೆಯ ತಲೆ, ಎದೆಯ ಮೇಲೆಲ್ಲ ಹಾಲು ಹಾಕಿದ ಚಹಾ.

"ಯಂತ್ರಕ್ಕೆ ಏನಾದ್ರೂ ಆಯ್ತಾ?"

"ಇಲ್ಲ ಸಾರ್."

"ಹಾಗಾದ್ರೆ ಇಟ್ಕೊಳ್ಳೋಣ."

ಪೆಟ್ಟಿಗೆಯನ್ನು ಬೆಲ್ಟುಗಳ ಅಂತಸ್ತಿನಲ್ಲಿ ಗೋಡೆಗೆ ಬಿಗಿದರು. ಪ್ರತಿ ಬೇರಿಂಗಿನ ಬಿಸಿ ಎಷ್ಟು, ಯಾವ ಬೆಲ್ಟು ಓರೆಯಾಗಿ ಓಡುತ್ತಿದೆ, ಎಲ್ಲವೂ ಅದಕ್ಕೆ ಗೊತ್ತಾಗುತ್ತಿತ್ತು. ಹೋದ ವಾರ ಯಾವುದು ಎಷ್ಟು ಬಿಸಿಯಾಗಿತ್ತು ಎಂಬುದನ್ನೂ ಹೇಳುತ್ತಿತ್ತು. ಅಪಾಯ್ ಮೂರು ದಿನ ಅದರ ಜೊತೆ ಜಿದ್ದಿಗೆ ಬಿದ್ದಳು. ಬೇರಿಂಗಿನ ಮೇಲೆ ಕೈಯಿಟ್ಟು ತನ್ನ ಲೆಕ್ಕ ಹೇಳುವುದು, ಆಮೇಲೆ ಓಡಿಬಂದು ಗಾಜು ನೋಡುವುದು. ಕೊನೆಗೆ, "ಸುಳ್ಳು ಹೇಳಲ್ಲ ಇದು" ಎಂದು ಒಪ್ಪಿಕೊಂಡಳು. ಕೆಲಸಗಾರರಿಗೂ ಅದು ಇಷ್ಟವಾಯಿತು, ಕಾರಣ ಬೇರೆ: ಬೆನ್ನಿನ ಪದರಗಳು ಸದಾ ಬೆಚ್ಚಗಿರುತ್ತಿದ್ದುದರಿಂದ ಒದ್ದೆ ಕೈಗವಸು, ಕಾಲುಚೀಲ ಒಣಗಿಸಲು ಅದರಂಥ ಜಾಗ ಇನ್ನೊಂದಿರಲಿಲ್ಲ. ಗೆನ್ನಾದಿ ಒಂದು ಬೆಳಿಗ್ಗೆ ಬಂದು ನೋಡಿದರೆ ಅವನ ಯಂತ್ರ ಕಾಲುಚೀಲಗಳ ಮರವಾಗಿ ನಿಂತಿತ್ತು. "ಶಾಖವು ನಿರ್ಗಮಿಸಲಾರದು!" ಎಂದು ಗೋಗರೆದ. ಅಪಾಯ್ ಒಂದು ಕೂಗು ಹಾಕಿದಳು. ಕಾಲುಚೀಲಗಳು ಮಾಯವಾದವು.

ತೊಂದರೆ ಒಂದೇ. ಗೋಧಿ ಇಳಿಯುವಾಗ ದೂಳಿನಲ್ಲಿ ಗಾಜು ಕಾಣುತ್ತಿರಲಿಲ್ಲ. ಯಂತ್ರವೇ ಬೆಲ್ಟು ನಿಲ್ಲಿಸಿಬಿಡಲಿ ಎಂದರೆ, ಯಾವುದನ್ನು ಮೊದಲು ನಿಲ್ಲಿಸಬೇಕು ಎಂದು ಸಮಯ ನೋಡಿ ಮನುಷ್ಯರೇ ತೀರ್ಮಾನಿಸಬೇಕು, ಇಲ್ಲದಿದ್ದರೆ ಗೋಧಿಯೆಲ್ಲ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಹಾಗಾಗಿ ಯಂತ್ರಕ್ಕೆ ಬಾಯಿ ಕೊಡುವುದು ಎಂದಾಯಿತು. ಅಂಗಳದವರೆಗೆ ದೊಡ್ಡ ದೊಡ್ಡ ಸ್ಪೀಕರುಗಳನ್ನು ಹಾಕಿದರು. ನಗರದ ರೇಡಿಯೋದಲ್ಲಿ ಮಾತಾಡುವ ಹೆಣ್ಣುಮಗಳೊಬ್ಬಳ ಧ್ವನಿ ಗೆನ್ನಾದಿಯ ಹತ್ತಿರ ಸಿದ್ಧವಾಗಿತ್ತು.

ಪರೀಕ್ಷೆಯ ದಿನ ಆ ಧ್ವನಿ ಬಂತು. ಏನು ಧ್ವನಿ! ಜೇನು ಸುರಿದ ಹಾಗೆ. "ಎರಡನೆಯ ಬೆಲ್ಟು ಬಿಸಿಯಾಗುತ್ತಿದೆ. ದಯವಿಟ್ಟು ನಿಲ್ಲಿಸಿ." ಕೆಲಸಗಾರರೆಲ್ಲ ಸಲಿಕೆಯ ಮೇಲೆ ಗಲ್ಲ ಊರಿ ಕೇಳುತ್ತಾ ನಿಂತರು. ಒಬ್ಬ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಬೆಲ್ಟು ಯಾರೂ ನಿಲ್ಲಿಸಲಿಲ್ಲ. ಧ್ವನಿ ಮುಗಿದ ಮೇಲೆ ತೊಕ್ತಾಸಿನ್, "ಇನ್ನೊಂದ್ಸಲ ಹಾಕ್ತೀರಾ?" ಎಂದ.

ನಿರ್ದೇಶಕರು ಅಪಾಯ್ ಕಡೆ ಬೆರಳು ತೋರಿಸಿದರು. "ಆ ಧ್ವನಿ ಹಾಕಿ. ನನ್ನ ಕೋಣೇಲಿ ಕೂತ್ರೂ ನಾನೇ ಎದ್ದು ನಿಂತ್ಕೋತೀನಿ."

ಮಾರನೆಯ ದಿನ ಅಪಾಯ್ ರೇಷ್ಮೆಯ ತಲೆವಸ್ತ್ರ ಕಟ್ಟಿಕೊಂಡು ಬಂದಳು. ಬೆಲ್ಟುಗಳನ್ನೆಲ್ಲ ನಿಲ್ಲಿಸಿ, ಪಾಳಿಯ ಕೋಣೆಯಲ್ಲಿ ಮೈಕು ಇಟ್ಟು, ಸೆಕೆಯೆಂದು ಬಾಗಿಲು ತೆರೆದಿಟ್ಟರು. ಕೈಗೆ ಕಾಗದ ಕೊಟ್ಟು ಗೆನ್ನಾದಿ ತಲೆಯಾಡಿಸಿದ. ಆಗ ನಾವು ಯಾರೂ ಎಣಿಸದ ಸಂಗತಿ ನಡೆಯಿತು. ಮೈಕು ಕಂಡ ಕೂಡಲೇ ಅಪಾಯ್ ನಾಚಿಕೊಂಡಳು. ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ, "ಎರಡನೇ ಬೆಲ್ಟು..." ಎಂದಳು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ.

"ತಾವು ಎಂದಿನಂತೆ ನುಡಿಯಬೇಕು," ಎಂದು ಗೆನ್ನಾದಿ ಬೇಡಿಕೊಂಡ.

"ಎಂದಿನಂತೇನೇ ಅಲ್ವಾ ಹೇಳಿದ್ದು?" ಎಂದು ಅವಳು ಪಿಸುಗುಟ್ಟಿದಳು.

ನೀರು ಕುಡಿಸಿದರು, ಕುರ್ಚಿ ಬದಲಾಯಿಸಿದರು, ನಮ್ಮನ್ನೆಲ್ಲ ಗೋಡೆಯ ಕಡೆ ತಿರುಗಿ ನಿಲ್ಲಿಸಿದರು. ಏನೂ ಪ್ರಯೋಜನವಿಲ್ಲ. ಗೆನ್ನಾದಿ ಒಂದು ಮಾತ್ರೆ ನುಂಗಿ, ಯಂತ್ರ ಆರಿಸುವುದನ್ನೂ ಮರೆತು ಬೆವರು ಒರೆಸಿಕೊಳ್ಳುತ್ತಿದ್ದ. ಅದೇ ಹೊತ್ತಿಗೆ ತೆರೆದ ಬಾಗಿಲಿನ ಆಚೆ, ಬೆಲ್ಟಿನ ಪಕ್ಕ, ತೊಕ್ತಾಸಿನ್ ಏನನ್ನೋ ಯೋಚಿಸುತ್ತಾ ನಡೆದು ಹೋದ. ಕೈಯಲ್ಲಿ ಲೈಟರು. ಟಿಕ್. ಟಿಕ್.

"ತೊಕ್ತಾಸಿನ್! ಏ ಬೋಳುತಲೆ! ಎಲ್ಲಾರ್ನೂ ಸುಟ್ಟುಬಿಡ್ತೀಯಾ?"

ಕಿಟಕಿಯ ಗಾಜು ನಡುಗಿತು. ಸ್ಟೇಷನ್ನಿನಲ್ಲಿ ಒಂದು ಇಂಜಿನ್ನು ಗಾಬರಿಯಿಂದ ಸೀಟಿ ಹೊಡೆಯಿತು. ಗೆನ್ನಾದಿ ಎರಡೂ ಕೈ ಎತ್ತಿ, "ಅದ್ಭುತ! ಅದ್ಭುತ!" ಎಂದು ಕುಣಿದ. ಧ್ವನಿ ಯಂತ್ರದೊಳಗೆ ಸೇರಿ ಆಗಿತ್ತು. ಸಂಜೆ ರೈಲಿಗೆ ಹೊರಡುವ ಆತುರದಲ್ಲಿದ್ದ ಅವನು ಅದನ್ನೇ ಎಚ್ಚರಿಕೆಯ ಕೂಗಾಗಿ ಹಾಕಿಬಿಟ್ಟು ಹೊರಟುಹೋದ.

ಅದು ಒಬ್ಬ ಮನುಷ್ಯನ ಹೆಸರು ಎಂದು ಅವನಿಗೆ ಹೊಳೆದಿರಲೇ ಇಲ್ಲ. ಅವನ ಕಿವಿಗೆ ಅದು 'ನಿಲ್ಲಲಿ!' ಎಂಬ ಆಜ್ಞೆ. ಬೋಳುತಲೆ ಎಂದರೆ ಬೆಲ್ಟಿನ ತುದಿಯಲ್ಲಿ ತಿರುಗುವ ಚಕ್ರ. ಅದಕ್ಕೆ 'ತಲೆ' ಎಂದೇ ಹೆಸರು, ರಬ್ಬರು ಸವೆದರೆ ಬೋಳಾಗುತ್ತದೆ, ಬೋಳಾದರೆ ಬಿಸಿಯಾಗುತ್ತದೆ. ನಿಲ್ಲಲಿ, ತಲೆ ಬೋಳಾಗಿದೆ, ಎಲ್ಲರೂ ಸುಟ್ಟುಹೋಗುತ್ತೇವೆ. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಯಾವ ದೇಶದಲ್ಲಿದೆ?

ಮೊದಲ ಸಲ ಬೇರಿಂಗ್ ಬಿಸಿಯಾಗಿ ಆ ಕೂಗು ಎದ್ದಾಗ ತೊಕ್ತಾಸಿನ್ ಕ್ಯಾಂಟೀನಿನಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಬಾವುರ್ಸಾಕ್, ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದನ್ನು ಬಿಟ್ಟು, ಎರಡೂ ಕೈ ಮೇಲೆತ್ತಿ ಅಂಗಳಕ್ಕೆ ಓಡಿಬಂದ. "ನಾನಲ್ಲ ಅಪಾಯ್! ನಾನು ತಿಂತಿದ್ದೆ!" ಅಪಾಯ್ ಎದುರಿಗೇ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಧ್ವನಿ ಮಾತ್ರ ನಾಲ್ಕೂ ದಿಕ್ಕಿನಿಂದ ಬರುತ್ತಿತ್ತು. ಅವಳೂ ಬೆಚ್ಚಿದ್ದಳು, ತನ್ನ ಕೂಗು ಹೊರಗಿನವರಿಗೆ ಹೇಗೆ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ. "ಅಯ್ಯೋ, ಹೀಗಾ ಇರೋದು?" ಎಂದು ನನ್ನನ್ನು ಕೇಳಿದಳು. ನಾನು ಆಕಾಶ ನೋಡಿದೆ.

ಆದರೆ ಬೆಲ್ಟು ಮಾತ್ರ ಕ್ಷಣದಲ್ಲಿ ನಿಂತಿತ್ತು. ಕೂಗು ಎದ್ದಾಗಲೆಲ್ಲ ಎಲ್ಲರೂ ತಮ್ಮನ್ನೇ ಬೈದ ಹಾಗೆ ಓಡುತ್ತಿದ್ದರು. ಮೇಲಿನವರು ಬಂದು ನೋಡಿ ತಲೆದೂಗಿ, ಅದೇ ಪೆಟ್ಟಿಗೆಗಳನ್ನು ಅದೇ ಧ್ವನಿಯ ಸಮೇತ ಸೀಮೆಯ ಬೇರೆ ಕಣಜಗಳಿಗೂ ಕಳಿಸಿದರು.

ತೊಕ್ತಾಸಿನ್ ಕಂಡುಕೇಳರಿಯದ ಜಾಗಗಳಲ್ಲಿ ಪ್ರಸಿದ್ಧನಾದ. ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ಅವನ ಹೆಸರು ಕರೆದ ಕೂಡಲೇ ಸಾಲಿನಲ್ಲಿ ಕೂತಿದ್ದ ನಾಲ್ಕೈದು ಕಣಜದ ಆಳುಗಳು ದಡಕ್ಕನೆ ಎದ್ದು ನಿಂತರಂತೆ. ಬಸ್ಸಿನ ಡ್ರೈವರು, "ನೀವೇನಾ ಸುಟ್ಟುಬಿಡೋರು?" ಎಂದು ಕೇಳಿ ಕನ್ನಡಿಯಲ್ಲಿ ಅವನ ಟೊಪ್ಪಿಗೆ ನೋಡಿದನಂತೆ. ಮೊದಮೊದಲು ತೊಕ್ತಾಸಿನ್ ಮುಖ ಮುಚ್ಚಿಕೊಂಡು ಓಡಾಡಿದ. ಆಮೇಲೆ ಅಭ್ಯಾಸವಾಯಿತು. ಲೈಟರು ಮಾತ್ರ ಬಿಟ್ಟುಬಿಟ್ಟ. ಅಷ್ಟು ಊರುಗಳು ತನ್ನ ಮೇಲೆ ಕಣ್ಣಿಟ್ಟಿವೆ ಎಂದು ಅವನ ಭಾವನೆ.

ಇಲ್ಲಿಗೆ ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ತೊಕ್ತಾಸಿನ್‌ನ ಮಗ ಎರ್ಮೆಕ್, ರೈಲ್ವೆ ಸಿಗ್ನಲಿನಲ್ಲಿ ಕೆಲಸ ಮಾಡುವ ಹುಡುಗ, ಅಪ್ಪನ ಎದುರು ಬಂದು ಕೂತ. ಮನೆಯಲ್ಲಿ ತಾಯಿ ಇಲ್ಲ. ಸಂಸಾರ ನೋಡಿಕೊಳ್ಳುತ್ತಿದ್ದವಳು ತೊಕ್ತಾಸಿನ್‌ನ ಅಕ್ಕ ಉರ್ಕಿಯಾ, ಮಹಾ ಗಟ್ಟಿಗಿತ್ತಿ.

"ಅಪ್ಪಾ, ನಂಗೊಂದು ಹುಡುಗಿ ಇಷ್ಟ ಆಗಿದಾಳೆ."

"ಒಳ್ಳೇದಾಯ್ತು. ಯಾರ ಮಗಳು?"

"ಮಕ್ಪಾಲ್ ಅಂತ. ನರ್ಸು. ತುಂಬಾ ಮೆತ್ತಗೆ ಮಾತಾಡ್ತಾಳೆ."

"ಯಾರ ಮಗಳೋ?"

ಹುಡುಗ ಕಿಟಕಿಯ ಕಡೆ ನೋಡಿದ. ಆಚೆ ಕಣಜ ಕಾಣುತ್ತಿತ್ತು. ತೊಕ್ತಾಸಿನ್‌ಗೆ ಅರ್ಥವಾಯಿತು. "ಕೆಲಸದಲ್ಲಿ ಅವಳು, ಕಂಪ್ಯೂಟರಲ್ಲಿ ಅವಳು, ಇನ್ನು ಹಬ್ಬ-ಹರಿದಿನದಲ್ಲೂ ಅವಳೇನಾ?" ಎಂದ. ಆದರೆ ಬೇಡ ಎನ್ನಲಿಲ್ಲ.

ನಿದ್ದೆಗೆಟ್ಟವಳು ಅಪಾಯ್. ಇಲ್ಲಿ ಬೀಗರೆಂದರೆ ದೇವರ ಸಮ. ಅಣ್ಣತಮ್ಮಂದಿರ ಜೊತೆ ಜಗಳವಾಡಬಹುದು, ಗಂಡನನ್ನು ಗದರಬಹುದು, ಬೀಗರ ಎದುರು ಮಾತ್ರ ಧ್ವನಿ ಎತ್ತುವಂತಿಲ್ಲ. ಅಂಥದ್ದರಲ್ಲಿ ಮಗಳ ಮಾವನಾಗುವವನನ್ನು ಅವಳ ಗಂಟಲು ಹತ್ತಾರು ಊರುಗಳಲ್ಲಿ, ವಾರಕ್ಕೆ ಹಲವು ಸಲ, ಬೋಳುತಲೆ ಎಂದು ಬೈಯುತ್ತಿತ್ತು. ಪ್ರಯೋಗಾಲಯಕ್ಕೆ ಬಂದು ನನ್ನ ತಕ್ಕಡಿಯ ಪಕ್ಕ ಕೂತು ತಲೆ ಚಚ್ಚಿಕೊಂಡಳು. "ಜನ ಏನಂತಾರೆ! ನನ್ನ ಮಗಳ ಬದುಕು ಆ ಪೆಟ್ಟಿಗೆಯಿಂದ ಹಾಳಾಗತ್ತೆ." ನಗರಕ್ಕೆ ಫೋನು ಮಾಡಿ ಗೆನ್ನಾದಿಯನ್ನು ಕರೆಸಿದಳು.

"ಇಂಜಿನಿಯರಪ್ಪ, ಆ ಹೆಸರು ತೆಗೀರಿ."

"ಯಾವ ಹೆಸರು? ಅದರಲ್ಲಿ ಯಾರ ನಾಮಧೇಯವೂ ಇರುವುದಿಲ್ಲ."

"ತೊಕ್ತಾಸಿನ್!"

"ಅಮ್ಮಾ, ಅದು ಹೆಸರಲ್ಲ," ಎಂದು ಗೆನ್ನಾದಿ ತಾಳ್ಮೆಯಿಂದ ನಕ್ಕ. "ಅದು ಕ್ರಿಯಾಪದ. ಪ್ರಥಮ ಪುರುಷ, ಏಕವಚನ, ವಿಧ್ಯರ್ಥ. ತಮ್ಮ ವ್ಯಾಕರಣಶುದ್ಧಿಯನ್ನು ನಾನು ವರದಿಯಲ್ಲಿ ವಿಶೇಷವಾಗಿ ಕೊಂಡಾಡಿದ್ದೇನೆ."

ಮೂಲೆಯಲ್ಲಿ ನಿಂತಿದ್ದ ತೊಕ್ತಾಸಿನ್ ಕೆಮ್ಮಿದ. "ಆ ಕ್ರಿಯಾಪದ ನಾನೇ ಸ್ವಾಮಿ."

ಗೆನ್ನಾದಿ ತಿರುಗಿ ನೋಡಿದ. "ತಾವು? ಹಾಗಾದರೆ... ಬೋಳುತಲೆ?"

ತೊಕ್ತಾಸಿನ್ ಟೊಪ್ಪಿಗೆ ತೆಗೆದ.

ಗೆನ್ನಾದಿ ಕುರ್ಚಿ ಹುಡುಕಿಕೊಂಡು ಕೂತು ಎರಡು ಮಾತ್ರೆ ಒಟ್ಟಿಗೆ ನುಂಗಿದ. ಬೇರೆ ಕಣಜಗಳ ಮಾತು ಆಮೇಲೆ ನೋಡೋಣ, ಸರಿಬಿದಾಯ್‌ದನ್ನು ಈಗಲೇ ಬದಲಿಸುತ್ತೇನೆ ಎಂದ. ತಾನೇ ಹೊಸ ಮಾತು ಬರೆದುಕೊಟ್ಟ. ಬೀಗರಾಗುವವರು ಎದುರಿಗೇ ಇದ್ದುದರಿಂದ ಅಪಾಯ್ ಬಹಳ ವಿನಯದಿಂದ ಓದಿದಳು: "ಮಾನ್ಯರೇ, ಎರಡನೆಯ ಬೆಲ್ಟು ತುಸು ಬಿಸಿಯಾದಂತಿದೆ. ದಯಮಾಡಿ ಇತ್ತ ಗಮನ ಕೊಡುವಿರಾ?" ಅವಳಿಗೆ ಅಷ್ಟು ಮೃದುವಾಗಿ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ತೊಕ್ತಾಸಿನ್ ಗಾಬರಿಯಿಂದ ನನ್ನ ಕಡೆ ನೋಡಿದ.

ಸುಗ್ಗಿಯ ನಡುವೆಯೇ ಒಂದು ಭಾನುವಾರ ಮಧ್ಯಾಹ್ನ ಬೀಗರು ಹೆಣ್ಣು ಕೇಳಲು ಬಂದರು. ಅಪಾಯ್ ಮನೆ ಕಣಜದ ಬೇಲಿಗೆ ಅಂಟಿಕೊಂಡೇ ಇತ್ತು. ಬೆಲ್ಟುಗಳು ಓಡುತ್ತಲೇ ಇದ್ದವು. ಅಪಾಯ್, ತೊಕ್ತಾಸಿನ್ ಇಬ್ಬರ ಬದಲಿಗೆ ಬೇರೆಯವರು ನಿಂತಿದ್ದರು. ಮನೆಯೊಳಗೆ ದೊಡ್ಡ ಬಟ್ಟೆ ಹಾಸಿ, ಚಹಾ, ಕುದುರೆ ಮಾಂಸ, ಒಣಹಣ್ಣು ಎಲ್ಲ ಜೋಡಿಸಿದ್ದರು. ತೊಕ್ತಾಸಿನ್‌ನನ್ನು ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ಕೂಡಿಸಿ, ಹೆಗಲಿಗೆ ಹೊಸ ನಿಲುವಂಗಿ ಹೊದಿಸಿದರು. ಪಕ್ಕದಲ್ಲಿ ಉರ್ಕಿಯಾ ಎಲ್ಲವನ್ನೂ ಅಳೆದು ತೂಗಿ ನೋಡುತ್ತಿದ್ದಳು. ಅಪಾಯ್‌ಳ ಗಂಡ ಅವತ್ತು ರೈಲು ಬಿಟ್ಟು ಬಂದಿದ್ದ. ಹೆಂಡತಿ ಪಿಸುಗುಟ್ಟುವುದು ಕೇಳಿ ಅವಳಿಗೆ ಮೈ ಹುಷಾರಿಲ್ಲವೇ ಎಂದು ನನ್ನನ್ನು ವಿಚಾರಿಸಿದ.

ಕುರಿಯ ತಲೆ ಬಂತು. ಹಿರಿಯ ಅತಿಥಿಗೆ ತಲೆ ಕೊಡುವುದು ಮರ್ಯಾದೆ. ಅಪಾಯ್ ಎರಡೂ ಕೈಯಲ್ಲಿ ತಟ್ಟೆ ಹಿಡಿದು, "ಬೀಗರೇ, ತಲೆ..." ಎಂದವಳು ಅಲ್ಲೇ ನಿಂತಳು. ತೊಕ್ತಾಸಿನ್‌ನ ನುಣ್ಣನೆಯ ತಲೆ ಎದುರಿಗೇ ಹೊಳೆಯುತ್ತಿತ್ತು. ಎರ್ಮೆಕ್ ಕೆಮ್ಮಿದ. ನಾನು ಚಹಾದೊಳಗೆ ಮುಖ ಇಟ್ಟೆ. "...ಸ್ವೀಕರಿಸಬೇಕು" ಎಂದು ಅವಳು ಹ್ಯಾಗೋ ಮುಗಿಸಿದಳು.

ಆಗ ತೆರೆದ ಕಿಟಕಿಯಿಂದ ಒಂದು ಮಧುರ ಧ್ವನಿ ತೇಲಿ ಬಂತು. "ಮಾನ್ಯರೇ, ಎರಡನೆಯ ಬೆಲ್ಟು ತುಸು ಬಿಸಿಯಾದಂತಿದೆ..."

"ಯಾರೋ ರೇಡಿಯೋ ಹಾಕಿದಾರೆ," ಎಂದಳು ಉರ್ಕಿಯಾ. "ಚೆನ್ನಾಗಿದೆ."

ಮತ್ತೆ ಬಂತು. ಮತ್ತೆ ಬಂತು. ಬೆಲ್ಟಿನ ಸದ್ದು ನಿಲ್ಲಲಿಲ್ಲ. ತೊಕ್ತಾಸಿನ್‌ನ ಕೈಯಲ್ಲಿ ಚಾಕು ಹಾಗೇ ನಿಂತಿತು. ಅಪಾಯ್ ಚಹಾ ಬಗ್ಗಿಸುತ್ತಿದ್ದಳು. ಬಟ್ಟಲು ತುಂಬಿ ಹರಿಯುತ್ತಿದ್ದರೂ ಬಗ್ಗಿಸುತ್ತಲೇ ಇದ್ದಳು. ಮಾತು ಮುಗಿಯುವ ಮೊದಲು ಬೀಗನಾಗುವವನು ಗೌರವದ ಜಾಗ ಬಿಟ್ಟು ಏಳುವಂತಿಲ್ಲ. ಹೆಣ್ಣಿನ ತಾಯಿ ಕಿರುಚುವಂತಿಲ್ಲ. ಇಬ್ಬರ ಹಣೆಯಲ್ಲೂ ಬೆವರು.

"ಬೀಗತಿ," ಎಂದ ತೊಕ್ತಾಸಿನ್ ಮೆಲ್ಲಗೆ, "ಒಂದ್ಸಲ ನನ್ನ ಬೈದುಬಿಡಿ."

"ಛೇ ಛೇ, ಏನ್ ಮಾತು ಬೀಗರೇ! ಬೀಗರನ್ನ ಬೈಯೋದುಂಟಾ?"

"ಬೆಲ್ಟು ಬಿಸಿಯಾಗಿದೆ ಬೀಗತಿ."

"ಗೊತ್ತು ಬೀಗರೇ. ಆಗಲಿಂದ ಗಂಟಲು ತುರಿಸ್ತಾ ಇದೆ."

"ಮತ್ತೆ ಬೈಯ್ರಿ!"

"ಈಲಿ ತಿಂದಾಗಿಲ್ಲವಲ್ಲ ಇನ್ನೂ. ಸಂಬಂಧ ಮುರಿದೋಗತ್ತೆ."

ಕುರಿಯ ಬಾಲದ ಕೊಬ್ಬು ಮತ್ತು ಈಲಿಯನ್ನು ಎರಡೂ ಕಡೆಯವರು ತಿಂದರೆ ಸಂಬಂಧ ಗಟ್ಟಿಯಾದ ಹಾಗೆ. ಆಮೇಲೆ ಆಕಾಶ ಬಿದ್ದರೂ ಮುರಿಯುವಂತಿಲ್ಲ. ಅದನ್ನು ಎಲ್ಲ ಮಾತುಕತೆ, ಹಾರೈಕೆ ಮುಗಿದ ಮೇಲೆ ಕೊನೆಯಲ್ಲಿ ತರುವುದು ಪದ್ಧತಿ. ತೊಕ್ತಾಸಿನ್ ಯಾರನ್ನೂ ಕೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತಿದ್ದ ತಟ್ಟೆಯನ್ನು ಕೂತಲ್ಲಿಂದಲೇ ಬಾಗಿ ಎಳೆದುಕೊಂಡು, ಒಂದು ಹಿಡಿ ತನ್ನ ಬಾಯಿಗೆ ತುರುಕಿಕೊಂಡ, ಒಂದು ಹಿಡಿ ಅಪಾಯ್ ಬಾಯಿಗೆ ತುರುಕಿದ. "ಆಯ್ತು! ಬೀಗರಾದ್ವಿ! ಈಗ ಬೈಯ್ರಿ!"

ಅಪಾಯ್ ನುಂಗಿದಳು. ಎದ್ದಳು. ಕಿಟಕಿಗೆ ಹೋಗಿ ಎರಡೂ ಕೈ ಚೌಕಟ್ಟಿಗೆ ಊರಿದಳು.

"ತೊಕ್ತಾಸಿನ್! ಏ ಬೋಳುತಲೆ! ಎಲ್ಲಾರ್ನೂ ಸುಟ್ಟುಬಿಡ್ತೀಯಾ?"

ಬಟ್ಟಲುಗಳು ಕಿಣಿಕಿಣಿ ಎಂದವು. ಕಣಜದಲ್ಲಿ ಬೆಲ್ಟುಗಳು ಒಂದಾದ ಮೇಲೊಂದು ನಿಂತವು. ಇಬ್ಬರು ಬೀಗರೂ, ಅವರ ಹಿಂದೆ ನಾನೂ, ಹಬ್ಬದ ಬಟ್ಟೆಯಲ್ಲೇ ಓಡಿದೆವು. ಬೇರಿಂಗಿನ ಕೆಳಗೆ ಹೊಟ್ಟು ಹೊಗೆಯಾಡುತ್ತಿತ್ತು. ತೊಕ್ತಾಸಿನ್ ಹೊಸ ನಿಲುವಂಗಿಯ ತೋಳು ಮಡಚಿ ಮರಳು ಸುರಿದ. ಸುಟ್ಟದ್ದು ಒಂದು ಪೊರಕೆ ಮಾತ್ರ.

"ಕಿವಿ ಇರಲಿಲ್ವಾ ನಿಮಗೆ?" ಎಂದು ಅಪಾಯ್ ಬದಲಿ ಆಳುಗಳ ಮೇಲೆ ಹರಿಹಾಯ್ದಳು. "ಪೆಟ್ಟಿಗೆ ಅಷ್ಟು ಸಲ ಹೇಳ್ತಲ್ಲಾ!"

"ಹೇಳ್ತಿತ್ತು ಅಪಾಯ್. ನಿಮ್ಮ ಧ್ವನಿ ಥರಾನೇ ಇತ್ತು. ಆದ್ರೆ ದಯಮಾಡಿ ಅಂತಿತ್ತಲ್ಲಾ, ಅದಕ್ಕೆ ನೀವಲ್ಲ ಅಂದ್ಕೊಂಡ್ವಿ."

ವಾಪಸು ಬಂದಾಗ ಅಪಾಯ್ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಳು, ಕೆನ್ನೆಯ ಮೇಲೆ ಮಸಿ. ಎಲ್ಲರೂ ಉರ್ಕಿಯಾಳ ಬಾಯಿ ನೋಡುತ್ತಿದ್ದರು. ಅವಳು ಒಂದು ಗುಟುಕು ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಕೇಳಿದಳು:

"ಅಲ್ಲಾ, ನಾವು ಬಂದಾಗಿಂದ ಇಲ್ಲಿ ಪಿಸುಪಿಸು ಅಂತಿದ್ದ ಹೆಂಗಸು ಯಾರು? ನಾವು ಹೆಣ್ಣು ಕೇಳೋಕೆ ಬಂದಿದ್ದು ಈ ತಾಯಿ ಹತ್ರ. ಬಾರಮ್ಮ, ಒಳಗೆ ಬಾ, ಕೂತ್ಕೋ."

ಆಮೇಲಿನದನ್ನು ಊಟ ಎನ್ನಬಾರದು, ಜಾತ್ರೆ ಎನ್ನಬೇಕು. ಇಲ್ಲಿಯ ಪದ್ಧತಿಯಂತೆ ಬೀಗರ ಮುಖಕ್ಕೆ ಹಿಟ್ಟು ಬಳಿದರು, ಹಾಡಿದರು, ನಿಲುವಂಗಿಗಾದ ಮಸಿಯನ್ನು ಶುಭವೆಂದರು. ಅಪಾಯ್‌ಳ ಗಂಡ ಹೆಂಡತಿ ಹುಷಾರಾದಳೆಂದು ನೆಮ್ಮದಿಯಿಂದ ನಿದ್ದೆ ಹೋದ. ಚಳಿ ಬೀಳುವ ಮೊದಲೇ ಮದುವೆಯೂ ಆಯಿತು.

ಗೆನ್ನಾದಿ ಮತ್ತೆ ಬಂದು ಹಳೆಯ ಕೂಗನ್ನೇ ಯಂತ್ರಕ್ಕೆ ಹಾಕಿದ. ಈ ಸಲ ತೊಕ್ತಾಸಿನ್‌ನ ಎದುರು ಟೊಪ್ಪಿ ತೆಗೆದು ಶಾಸ್ತ್ರೋಕ್ತವಾಗಿ ಅಪ್ಪಣೆ ಬೇಡಿದ. "ತಮ್ಮ ನಾಮಧೇಯವನ್ನು ಸಾರ್ವಜನಿಕ ಹಿತಕ್ಕಾಗಿ ಬಳಸಬಹುದೇ?"

"ಬಳಸ್ಕೊಳ್ಳಿ. ಬೋಳುತಲೆ ಅನ್ನೋದೊಂದು ತೆಗೀಬಹುದಾ?"

ಗೆನ್ನಾದಿ ಪ್ರಾಮಾಣಿಕ ಮನುಷ್ಯ. ತೆಗೆದು ಕೇಳಿಸಿದ. ಮಧ್ಯದಲ್ಲಿ ಹಳ್ಳ ಬಿದ್ದ ಹಾಗಿತ್ತು. ತೊಕ್ತಾಸಿನ್ ತಾನೇ, "ಹಾಕ್ಬಿಡಿ ವಾಪಸ್ಸು" ಎಂದ.

ಅಪಾಯ್ ಈಗ ನಿವೃತ್ತಳು, ತೊಕ್ತಾಸಿನ್ ಕೂಡ. ಬಿಸಿಲಿರುವ ದಿನ ಅವಳ ಅಂಗಳದಲ್ಲಿ ನಾವು ಮೂವರೂ ಇಸ್ಪೀಟು ಆಡುತ್ತೇವೆ. ತೊಕ್ತಾಸಿನ್ ನಾಚಿಕೆಯಿಲ್ಲದೆ ಮೋಸ ಮಾಡುತ್ತಾನೆ. ಎಲೆಗಳನ್ನು ಟೊಪ್ಪಿಗೆಯೊಳಗೆ ಇಟ್ಟುಕೊಳ್ಳುತ್ತಾನೆ, ಅವಳ ಕಣ್ಣೆದುರೇ ತೆಗೆಯುತ್ತಾನೆ, ಬೀಗರನ್ನು ಬೈಯುವಂತಿಲ್ಲ ಎಂದು ಗೊತ್ತು ಅವನಿಗೆ. ಮೊನ್ನೆ ಒಂದೇ ಆಟದಲ್ಲಿ ಅವನ ಕೈಯಿಂದ ಐದನೆಯ ರಾಜ ಬಿದ್ದ. ಅಪಾಯ್‌ಳ ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು, ಬಾಯಿ ತೆರೆಯಿತು. ನಾನು ಕಿವಿಗೆ ಕೈ ಇಟ್ಟುಕೊಂಡೆ.

"ಬೀಗರೇ," ಎಂದಳು, "ಇನ್ನೊಂದು ಬಟ್ಟಲು ಚಹಾ ಕುಡೀತೀರಾ?"